ಇಪ್ಪತ್ತು ಎಂದು ಬರೆದ ಮೇಲೆ ಇಪ್ಪತ್ತು ತೂಗಬೇಕು

ಹುಬ್ಬಳ್ಳಿಯಲ್ಲಿ ನಾನು ಹೋಗುವ ಜಿಮ್‌ನಲ್ಲಿ ಸುಳ್ಳು ಹೇಳುವುದು ಮನುಷ್ಯರಲ್ಲ, ಕಬ್ಬಿಣದ ಪ್ಲೇಟುಗಳು. ಹೊಟ್ಟೆ ಉರಿಯುತ್ತದೆ.

ಡೆಡ್‌ಲಿಫ್ಟ್ ಎಂದರೆ ಎರಡು ತುದಿಗೂ ತೂಕದ ಪ್ಲೇಟು ಸಿಕ್ಕಿಸಿದ ಕಬ್ಬಿಣದ ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. ಅದನ್ನು ಮಾಡುವಾಗ ಬಾರ್‌ನ ಒಂದು ತುದಿ ಮೊದಲು ನೆಲ ಬಿಡುತ್ತದೆ, ಇನ್ನೊಂದು ತುದಿ ಕಚ್ಚಿಕೊಂಡೇ ಇರುತ್ತದೆ. ತರಬೇತುದಾರನಿಗೆ ಹೇಳಿದರೆ "ನಿಮ್ಮ ಒಂದು ಮಗ್ಗುಲಿಗೆ ಶಕ್ತಿ ಕಡಿಮೆ ಸರ್" ಎಂದ. ಸೊಂಟ ಹಿಡಿದುಕೊಂಡಾಗಲೂ ಅದೇ ಮಾತು. ಕಡೆಗೆ ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿಕೊಂಡು, ಅಕ್ಕಿ ಚೀಲ ತೂಗುವ ಯಂತ್ರದ ಮೇಲೆ ಪ್ಲೇಟುಗಳನ್ನು ಒಂದೊಂದಾಗಿ ಇಟ್ಟೆ. ನಾಲ್ಕರ ಮೇಲೂ ಬರೆದಿರುವುದು 20. ತೂಗಿದ್ದು 18.6, 19.1, 20.4, 20.9. ಹಗುರವಾದ ಎರಡು ಎಡಕ್ಕೆ, ಭಾರವಾದ ಎರಡು ಬಲಕ್ಕೆ ಬಿದ್ದ ದಿನ ಎರಡು ಬದಿಗಳ ನಡುವೆ ಮೂರೂವರೆ ಕೆ.ಜಿ.ಗೂ ಹೆಚ್ಚು ವ್ಯತ್ಯಾಸ! ಇಪ್ಪತ್ತು ಎಂದು ಹೇಳುವ ಬಾರ್ ತೂಗಿದ್ದು ಹದಿನೇಳೂವರೆ. ನೂರು ಎತ್ತಿದೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದು ನಿಜದಲ್ಲಿ 96.5.

ಪ್ಲೇಟನ್ನು ತಿರುಗಿಸಿ ನೋಡಿದರೆ ಕಾರಣ ಕಣ್ಣಿಗೆ ಕಾಣುತ್ತದೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಯಂತ್ರದಲ್ಲಿ ಕಡೆಸಿ ತೂಕ ಸರಿಮಾಡದೆ ಹಾಗೇ ಬಿಟ್ಟಿದ್ದಾರೆ. ಮೈತುಂಬ ಗುಳಿಗಳು, ಅವುಗಳ ಮೇಲೆ ದಪ್ಪ ಕಪ್ಪು ಬಣ್ಣ, ಅಂಚಿನಲ್ಲಿ ಚೆಕ್ಕೆ ಎದ್ದ ತುಕ್ಕು. ಡೆಡ್‌ಲಿಫ್ಟ್ ಕೂಡ ಇರುವ ಭಾರ ಎತ್ತುವ ಆಟವಾದ ಪವರ್‌ಲಿಫ್ಟಿಂಗ್‌ನ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಶೇಕಡಾ 0.25ರಷ್ಟು ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ, ಅಂದರೆ 20 ಕೆ.ಜಿ. ಪ್ಲೇಟಿಗೆ 50 ಗ್ರಾಂ. ಅಷ್ಟು ದುಬಾರಿ ಪ್ಲೇಟು ತನ್ನಿ ಎಂದು ನಾನು ಕೇಳುತ್ತಿಲ್ಲ. ಆದರೆ ಸುಮಾರು ಒಂದೂವರೆ ಕೆ.ಜಿ. ಕೊರತೆಯನ್ನು ಹೇಗೆ ಸಹಿಸುವುದು? ಜನತಾ ಬಜಾರ್‌ನಲ್ಲಿ ಕಾಯಿಪಲ್ಯ ಮಾರುವ ಅಜ್ಜಿಯ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೇಕು.

ನಾವು ಮುಂದುವರಿಯುವುದೇ ಎರಡೂವರೆ ಕೆ.ಜಿ. ಲೆಕ್ಕದಲ್ಲಿ. ವಾರಗಟ್ಟಲೆ ಬೆವರು ಹರಿಸಿ ಅಷ್ಟು ಏರಿಸುತ್ತೇವೆ. ಪ್ಲೇಟು, ಬಾರ್ ಸೇರಿ ಆಗುವ ತಪ್ಪೇ ಅದಕ್ಕಿಂತ ದೊಡ್ಡದಾದರೆ ಏರಿದೆವೋ ಇಳಿದೆವೋ ತಿಳಿಯುವುದು ಹೇಗೆ? ಸೋಮವಾರ ಸಲೀಸಾಗಿ ಎದ್ದ ನೂರು ಗುರುವಾರ ಅಲುಗಾಡುವುದಿಲ್ಲ. ನಿದ್ದೆ ಸಾಲಲಿಲ್ಲವೇ, ಊಟ ಕಡಿಮೆಯಾಯಿತೇ ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಬದಲಾಗಿದ್ದು ಕೈಗೆ ಸಿಕ್ಕ ಪ್ಲೇಟು.

ನನಗೆ ಹೆಚ್ಚು ಸಂಕಟವಾದದ್ದು ನಮ್ಮ ಜೊತೆಗಿದ್ದ ಹಾವೇರಿ ಕಡೆಯ ಹುಡುಗನ ವಿಷಯದಲ್ಲಿ. ಇದೇ ಪ್ಲೇಟುಗಳನ್ನು ನಂಬಿ ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಡೆಡ್‌ಲಿಫ್ಟ್‌ನ ಮೊದಲ ಯತ್ನದ ತೂಕ ಬರೆಸಿದ. ಅಲ್ಲಿನ ಪ್ಲೇಟುಗಳು ಸರಿಯಾದವು. ಬಾರ್ ಮೊಣಕಾಲು ದಾಟಲಿಲ್ಲ. ಒಮ್ಮೆ ಸೋತ ಮೇಲೆ ತೂಕ ಇಳಿಸಲು ನಿಯಮ ಬಿಡುವುದಿಲ್ಲ. ಮೂರು ಯತ್ನಗಳೂ ಹೋದವು, ಅವನು ಲೆಕ್ಕದಿಂದಲೇ ಹೊರಬಿದ್ದ. ಹೆದರಿಬಿಟ್ಟ ಎಂದು ಎಲ್ಲರೂ ಅವನನ್ನೇ ಅಂದರು. ಅವನು ಹೆದರುವ ಹುಡುಗನಲ್ಲ.

ತೂಕದ ಚೀಟಿಯನ್ನು ಮಾಲೀಕರ ಮುಂದಿಟ್ಟೆ. "ಎಲ್ಲ ಕಡೆ ಹೀಗೇ ಇರುತ್ತದೆ, ಇಷ್ಟು ದಿನ ಯಾರೂ ಕೇಳಿಲ್ಲ" ಎಂದರು. ವರ್ಷದ ಶುಲ್ಕವನ್ನು ಮುಂಗಡವಾಗಿ ಎಣಿಸಿಕೊಳ್ಳುವಾಗ ಒಂದು ರೂಪಾಯಿ ಕಡಿಮೆಯಾದರೂ ಒಪ್ಪದವರು ಇವರು. ಇರುವ ಪ್ಲೇಟುಗಳನ್ನೇ ಒಂದು ಬೆಳಗ್ಗೆ ತೂಗಿ, ನಿಜವಾದ ತೂಕವನ್ನು ಬಿಳಿ ಬಣ್ಣದಲ್ಲಿ ಹಿಂದೆ ಬರೆದು, ಸಮ ತೂಕದವನ್ನು ಜೋಡಿ ಮಾಡಿಡಿ ಎಂದೆ. ಒಂದು ಡಬ್ಬಿ ಬಣ್ಣದ ಖರ್ಚು. ಅದನ್ನೂ ನಾನೇ ತರುತ್ತೇನೆ, ತೂಗುವುದಕ್ಕೂ ನಾನೇ ನಿಲ್ಲುತ್ತೇನೆ ಎಂದೆ. ಇನ್ನೂ ಒಪ್ಪಿಲ್ಲ. ಒಪ್ಪುವವರೆಗೆ ಮುಂದಿನ ವರ್ಷದ ಶುಲ್ಕವನ್ನು ನಾನು ಕಟ್ಟುವುದಿಲ್ಲ.