ಸತ್ಯಾಂಶ: ಅಗ್ಗದ ಶೂ ಮಂಡಿ ಕೆಡಿಸುತ್ತದೆಯೇ?

ದುಬಾರಿ ಶೂ ಇಲ್ಲದೆ ಓಡಿದರೆ ಮಂಡಿ ಸವೆಯುತ್ತದೆ ಎಂಬ ಸಂದೇಶ ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತದೆ. ಇದು ಸರಿಯಲ್ಲ. ಬೆಲೆ ಏರಿದಷ್ಟೂ ಗಾಯ ಕಡಿಮೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಕುಕ್ಕರಹಳ್ಳಿ ಕೆರೆ ಸುತ್ತ ವಾರಕ್ಕೆ 10 ಕಿ.ಮೀ. ಓಡುತ್ತಿದ್ದವರು ಏಕಾಏಕಿ 25ಕ್ಕೆ ಏರಿಸಿದರೆ ಯಾವ ಶೂ ಇದ್ದರೂ ಮಂಡಿ ನೋಯಬಹುದು. ಯಾರು, ಎಷ್ಟು ಓಟಗಾರರನ್ನು ಪರೀಕ್ಷಿಸಿದರು ಎಂದು ಸಂದೇಶದಲ್ಲಿ ಹುಡುಕಿ. ಕೊನೆಗೆ ಖರೀದಿ ಲಿಂಕ್ ಇದ್ದರೆ, ಬಹುಶಃ ಜಾಹೀರಾತು.

ಶೂವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಸಂಜೆ ಹೋಗಿ, ಆಗ ಪಾದ ತುಸು ಊದಿರುತ್ತದೆ. ಓಡುವಾಗಿನ ಸಾಕ್ಸ್ ಹಾಕಿ ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರಲಿ; ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಶೂ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಮಡಚಬಾರದು. ಹಿಮ್ಮಡಿ ಜಾರಬಾರದು. ಹಿಂದಿನ ವರ್ಷದ ಮಾಡೆಲ್ ಕೇಳಿ, ಸಾಮಾನ್ಯವಾಗಿ ಅಗ್ಗ.