ಹುದ್ದೆ ಇಲ್ಲ, ಸಂಬಳ ಇಲ್ಲ, ಸಮನ್ಸ್ ಮಾತ್ರ ಉಂಟು

ಹಿಲರಿ ಕ್ಲಿಂಟನ್ ಬಗ್ಗೆ ಇವತ್ತು ಒಂದು ಪೋಸ್ಟ್ ಎಲ್ಲರ ಗೋಡೆಯ ಮೇಲೂ ಓಡಾಡುತ್ತಿದೆ. ಗಂಡ ಬಿಲ್ ಕ್ಲಿಂಟನ್ ಅಮೆರಿಕದ ಅಧ್ಯಕ್ಷನಾಗಿದ್ದಕ್ಕೆ ಆಕೆಗೊಂದು ಹೆಸರು ಬಂತಂತೆ. ಓದಿ ಮೈ ಉರಿಯಿತು. ಕೋರ್ಟಿನ ಒಳಹೊರಗು ಬಲ್ಲ ಮಿತ್ರರೂ ಅದಕ್ಕೆ ಲೈಕ್ ಒತ್ತಿದ್ದಾರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1973ರಲ್ಲಿ ಯೇಲ್‌ನಿಂದ ಕಾನೂನು ಪದವಿ. ಮರುವರ್ಷ ಆಗಿನ ಅಧ್ಯಕ್ಷ ನಿಕ್ಸನ್ ಮಹಾಭಿಯೋಗದ ತನಿಖೆ ನಡೆಸಿದ ವಕೀಲರ ತಂಡದಲ್ಲಿ ಕೆಲಸ. 1977ರಲ್ಲಿ ಅರ್ಕನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್‌ನ ರೋಸ್ ಲಾ ಫರ್ಮ್ ಎಂಬ ವಕೀಲರ ಸಂಸ್ಥೆ ಸೇರಿ, 1979ರಲ್ಲಿ ಅಲ್ಲಿನ ಮೊದಲ ಮಹಿಳಾ ಪಾರ್ಟ್‌ನರ್ ಆದರು. ಮದುವೆಯಾದ ಮೇಲೂ ವರ್ಷಗಟ್ಟಲೆ ಹಿಲರಿ ರಾಡಮ್ ಎಂಬ ತವರಿನ ಹೆಸರಲ್ಲೇ ವಕೀಲಿಕೆ ಮಾಡಿದರು. ಅರ್ಕನ್ಸಾ ಗವರ್ನರ್ ಆಗಿದ್ದ ಗಂಡನ ಸಂಬಳ ವರ್ಷಕ್ಕೆ 35,000 ಡಾಲರ್. ಮನೆ ನಡೆದದ್ದು ಹೆಚ್ಚಾಗಿ ಈಕೆಯ ದುಡಿಮೆಯಲ್ಲಿ. ಯಾರ ಹೆಸರಿನಿಂದ ಯಾರು ಬದುಕಿದರು ಎಂದು ಮೊದಲು ಇದನ್ನು ನೋಡಿ ಹೇಳಿ.

"ಆದರೆ ಗಂಡ ಗವರ್ನರ್, ಹೆಂಡತಿ ಅದೇ ರಾಜ್ಯದಲ್ಲಿ ವಕೀಲೆ, ಹಿತಾಸಕ್ತಿ ಸಂಘರ್ಷ?" ಎನ್ನುತ್ತೀರಿ. ಖಂಡಿತ ಇತ್ತು, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ರಾಜ್ಯ ಸರ್ಕಾರದಿಂದ ಫರ್ಮಿಗೆ ಬರುವ ಫೀಸಿನಲ್ಲಿ ಆಕೆ ಪಾಲು ತೆಗೆದುಕೊಳ್ಳುತ್ತಿರಲಿಲ್ಲ ಎಂದು 1992ರ ಚುನಾವಣೆಯಲ್ಲಿ ದಂಪತಿ ಹೇಳಿದ್ದರು. ಅಷ್ಟು ಸಾಲದು ಎಂಬುದು ಫರ್ಮ್ ನಡೆಸಿದವರಿಗೆಲ್ಲ ಗೊತ್ತು. ಸರ್ಕಾರವೇ ಕಕ್ಷಿಯಾಗಿದ್ದರೆ ಫೀಸು ಬೇರೆ ತೆಗೆದಿಡಬಹುದು. ಕಕ್ಷಿದಾರ ಖಾಸಗಿಯವನು, ಅವನ ಅರ್ಜಿ ಮಾತ್ರ ಗವರ್ನರ್ ನೇಮಿಸಿದ ಅಧಿಕಾರಿಯ ಮೇಜಿನ ಮೇಲೆ ಎಂದಾದರೆ ಏನು ತೆಗೆದಿಡುತ್ತೀರಿ? ಫರ್ಮಿನ ಕಕ್ಷಿದಾರನಾಗಿದ್ದ ಮ್ಯಾಡಿಸನ್ ಗ್ಯಾರಂಟಿ ಎಂಬ ಉಳಿತಾಯ-ಸಾಲ ಸಂಸ್ಥೆಯ ವಿಷಯದಲ್ಲಿ ಆದದ್ದು ಇದೇ. ಜೊತೆಗೆ ಅದರ ಮಾಲೀಕ ವೈಟ್‌ವಾಟರ್ ಜಮೀನು ವ್ಯವಹಾರದಲ್ಲಿ ಈ ದಂಪತಿಯ ಪಾಲುದಾರ. 1985-86ರಲ್ಲಿ ಆ ಸಂಸ್ಥೆಗಾಗಿ ಆಕೆ ಮಾಡಿದ ಕೆಲಸಕ್ಕೆ ಹದಿನೈದು ತಿಂಗಳಿಗೆ ಸುಮಾರು 60 ಗಂಟೆಯ ಫೀಸಿನ ಲೆಕ್ಕ. ವಾರಕ್ಕೆ ಒಂದು ಗಂಟೆಗೂ ಕಡಿಮೆಯ ಆ ಕೆಲಸದ ದಾಖಲೆ ಹತ್ತು ವರ್ಷ ಬಿಟ್ಟು ಶ್ವೇತಭವನದೊಳಗೆ ಸಿಕ್ಕಿತು. 1996ರ ಜನವರಿ 26ರಂದು ಆಕೆ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯ ಇದೆಯೇ ಎಂದು ನೋಡುವ ನಾಗರಿಕರ ಮಂಡಳಿಯ ಮುಂದೆ ಸಾಕ್ಷಿ ನುಡಿದರು. ಹಾಗೆ ಸಮನ್ಸ್ ಪಡೆದ ಮೊದಲ ಅಧ್ಯಕ್ಷ-ಪತ್ನಿ ಆಕೆ. 2000ದಲ್ಲಿ ವೈಟ್‌ವಾಟರ್ ವಿಚಾರದ ಸ್ವತಂತ್ರ ತನಿಖಾಧಿಕಾರಿ ಸಾಕ್ಷ್ಯ ಸಾಲದು ಎಂದು ಕಡತ ಮುಚ್ಚಿದರು. ಆ ಸುದ್ದಿಯನ್ನು ಎಷ್ಟು ಜನ ಹಂಚಿಕೊಳ್ಳುತ್ತೀರಿ?

ಸರಿ, ವಕೀಲಿಕೆ ಬಿಡಲಿ. ಬಿಟ್ಟರು. ಬಿಟ್ಟ ಮೇಲೆ ಆಕೆ ಏನು? ನನ್ನ ಸಿಟ್ಟು ಇರುವುದು ಈ ಪ್ರಶ್ನೆಯ ಮೇಲೆ.

ಅಮೆರಿಕದ 1967ರ ಕಾನೂನು ಅಧಿಕಾರಿಗಳು ಬಂಧುಗಳನ್ನು ನೇಮಿಸಿಕೊಳ್ಳಬಾರದು ಎನ್ನುತ್ತದೆ. ಬಂಧುಗಳ ಪಟ್ಟಿಯಲ್ಲಿ ಹೆಂಡತಿಯೂ ಇದ್ದಾಳೆ. 1978ರ ಕಾನೂನು, ಅಧ್ಯಕ್ಷರ ಕೆಲಸಕ್ಕೆ ನೆರವಾಗುವ ಪತಿ ಅಥವಾ ಪತ್ನಿಗೆ ಸಿಬ್ಬಂದಿ ಕೊಡಬಹುದು ಎನ್ನುತ್ತದೆ. ಅಂದರೆ ದುಡಿಮೆ ಇದೆ, ದುಡಿಯಲು ಜನರೂ ಇದ್ದಾರೆ, ದುಡಿಯುವವಳಿಗೆ ಮಾತ್ರ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. 1993ರ ಜನವರಿಯಲ್ಲಿ ಆರೋಗ್ಯ ಸುಧಾರಣೆಯ ಕಾರ್ಯಪಡೆಗೆ ಹಿಲರಿಯೇ ಅಧ್ಯಕ್ಷೆಯಾದರು. ಅದರ ಸಭೆಗಳು ಸಾರ್ವಜನಿಕವಾಗಿರಲಿ ಎಂದು ವೈದ್ಯರ ಒಂದು ಸಂಘ ಕೋರ್ಟಿಗೆ ಹೋಯಿತು. ಸಮಿತಿಯ ಎಲ್ಲರೂ ಪೂರ್ಣಾವಧಿ ಸರ್ಕಾರಿ ಅಧಿಕಾರಿಗಳೋ ನೌಕರರೋ ಆಗಿದ್ದರೆ ಬಾಗಿಲು ಮುಚ್ಚಿ ಸಭೆ ನಡೆಸಬಹುದು. ಒಬ್ಬರು ಹೊರಗಿನವರಾದರೂ 1972ರ ಸಲಹಾ ಸಮಿತಿ ಕಾನೂನಿನಂತೆ ಸಭೆ ಸಾರ್ವಜನಿಕ. ಮಾರ್ಚ್‌ನಲ್ಲಿ ಕೆಳಗಿನ ಕೋರ್ಟು ಆಕೆ ಸರ್ಕಾರದವರಲ್ಲ ಎಂದಿತು. ಜೂನ್‌ನಲ್ಲಿ ಮೇಲ್ಮನವಿ ಕೋರ್ಟು 1978ರ ಕಾನೂನನ್ನೇ ಆಧಾರ ಮಾಡಿಕೊಂಡು, ಈ ಕಾನೂನಿನ ಮಟ್ಟಿಗೆ ಆಕೆ ವಾಸ್ತವದಲ್ಲಿ ಅಧಿಕಾರಿಯೇ ಎಂದಿತು. ಮೂರು ತಿಂಗಳಲ್ಲಿ ಅದೇ ಹೆಂಗಸು ಹೊರಗಿನವಳೂ ಆದಳು, ಒಳಗಿನವಳೂ ಆದಳು.

ಇನ್ನೊಂದು ತೀರ್ಪು ನನ್ನನ್ನು ಹೆಚ್ಚು ಕಾಡುತ್ತದೆ. ವೈಟ್‌ವಾಟರ್ ವಿಚಾರವಾಗಿ ಹಿಲರಿ ಎರಡು ಸಭೆಗಳಲ್ಲಿ ಮಾತಾಡುವಾಗ ಅವರ ಖಾಸಗಿ ವಕೀಲರ ಜೊತೆ ಶ್ವೇತಭವನದ ವಕೀಲರೂ ಕೂತು ಟಿಪ್ಪಣಿ ಮಾಡಿಕೊಂಡಿದ್ದರು. ಆ ಟಿಪ್ಪಣಿಗಳನ್ನು ಕೊಡಿ ಎಂದು ತನಿಖಾಧಿಕಾರಿ ಕೇಳಿದರು. 1997ರಲ್ಲಿ ಎಂಟನೇ ಸರ್ಕ್ಯೂಟ್ ಎಂಬ ಮೇಲ್ಮನವಿ ಕೋರ್ಟು ಇಬ್ಬರಿಗೆ ಒಬ್ಬರ ಬಹುಮತದಲ್ಲಿ ಕೊಡಲೇಬೇಕು ಎಂದಿತು. ಸರ್ಕಾರಿ ಸಂಬಳದ ವಕೀಲ ಗ್ರ್ಯಾಂಡ್ ಜ್ಯೂರಿಯ ಎದುರು ಗುಟ್ಟು ಮುಚ್ಚಿಡುವಂತಿಲ್ಲ. ತನ್ನ ಮಾತಿಗೆ ರಕ್ಷಣೆ ಇದೆ ಎಂದು ಆಕೆ ನಂಬಿದ್ದರೂ ಆ ನಂಬಿಕೆ ಲೆಕ್ಕಕ್ಕಿಲ್ಲ. ಸುಪ್ರೀಂ ಕೋರ್ಟು ಮೇಲ್ಮನವಿ ಕೇಳಲೇ ಇಲ್ಲ. ಕಕ್ಷಿದಾರ ಹೇಳಿದ್ದನ್ನು ವಕೀಲ ಹೊರಗೆಡವಬಾರದು ಎನ್ನುವ ನಮ್ಮ ಹಳೇ ಸಾಕ್ಷ್ಯ ಕಾಯ್ದೆಯ 126ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 132ನೇದು, ದಿನಾ ಬಳಸುವ ನಮ್ಮವರಿಗೆ ಇದರ ಬಿಸಿ ಗೊತ್ತಾಗಬೇಕು. ತತ್ತ್ವವಾಗಿ ತೀರ್ಪು ಸರಿಯಿರಬಹುದು. ಆದರೆ ಸಭೆಗೆ ಬಾಗಿಲು ಹಾಕಲು ಅಧಿಕಾರಿಯಾದವಳು ಸರ್ಕಾರದ ವಕೀಲನ ಎದುರು ಬಾಯಿಬಿಟ್ಟ ಮಾತಿಗೆ ರಕ್ಷಣೆಯಿಲ್ಲ. ಅದನ್ನು ಮೊದಲೇ ತಿಳಿಸುವ ಒಂದು ಸಾಲೂ ಯಾವ ಕಾನೂನಿನಲ್ಲೂ ಇರಲಿಲ್ಲ.

"ಯಾರೂ ಬಲವಂತ ಮಾಡಲಿಲ್ಲ, ಸುಮ್ಮನೆ ಮನೆಯಲ್ಲಿರಬಹುದಿತ್ತು" ಎಂಬ ಕಾಮೆಂಟೂ ಬಂದಿದೆ. ಇಪ್ಪತ್ತು ವರ್ಷ ದುಡಿದ ಗಂಡಸು ವಕೀಲನಿಗೆ ಈ ಮಾತು ಹೇಳುತ್ತೀರಾ? ಕಮಲಾ ಹ್ಯಾರಿಸ್ ಉಪಾಧ್ಯಕ್ಷೆಯಾದಾಗ ಪತಿ ಡಗ್ ಎಮ್‌ಹಾಫ್ ಲಾ ಫರ್ಮ್ ಬಿಟ್ಟರು, ಜಾರ್ಜ್‌ಟೌನ್‌ನಲ್ಲಿ ಕಾನೂನು ಪಾಠ ಮಾಡಿದರು. ಅವರನ್ನು ಮನೆಯಲ್ಲಿರಿ ಎಂದವರನ್ನು ನಾನು ಕಂಡಿಲ್ಲ. ಜಿಲ್ ಬೈಡನ್ ಅಧ್ಯಕ್ಷರ ಪತ್ನಿಯಾಗಿದ್ದೇ ಕಾಲೇಜಿನಲ್ಲಿ ಸಂಬಳಕ್ಕೆ ಪಾಠ ಹೇಳಿದರು. ಮೇಷ್ಟ್ರಿಗೆ ಕಕ್ಷಿದಾರರಿಲ್ಲ, ಹಾಗಾಗಿ ಅದು ನಡೆಯಿತು. ವಕೀಲರಿಗೆ ಆ ದಾರಿ ಇಲ್ಲ: ಫೀಸು ಕೊಡುವ ಪ್ರತಿಯೊಬ್ಬನಿಗೂ ಸರ್ಕಾರದಲ್ಲಿ ಏನೋ ಒಂದು ಕೆಲಸ ಬಾಕಿ ಇರುತ್ತದೆ.

ವಕೀಲಿಕೆ ಬಿಡಿಸುವುದಾದರೆ ಮೊದಲ ದಿನವೇ ಹುದ್ದೆ ಯಾವುದು, ಯಾವ ಮಾತಿಗೆ ರಕ್ಷಣೆ, ಯಾವ ಕಾಗದ ಸರ್ಕಾರದ್ದು ಎಂದು ಬರೆದುಕೊಡಿ. ಅದನ್ನು ಮಾಡದೆ "ಗಂಡನಿಂದ ಹೆಸರು" ಎಂದು ಹಂಚುತ್ತಿರುವವರು ಆ ಎರಡು ತೀರ್ಪುಗಳನ್ನು ಓದಿ, ಆಮೇಲೆ ಇಲ್ಲಿ ವಾದಕ್ಕೆ ಬನ್ನಿ.