ವೈನ್ ಭರಣಿಗೆ ಬಟ್ಟೆ ಕಟ್ಟಿದರೆ ಸಾಕೇ? ಒಂದು ಸ್ಪಷ್ಟನೆ

"ಕ್ರಿಸ್ಮಸ್ ತನಕ ವೈನ್ ಭರಣಿಗೆ ಬರೀ ಬಟ್ಟೆ ಕಟ್ಟಿಡಿ, ಗಾಳಿ ಆಡಿದಷ್ಟೂ ರುಚಿ ಜಾಸ್ತಿ" ಅನ್ನೋ ಮೆಸೇಜ್ ಮಂಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ಸರಿ. ನೊರೆ ಉಕ್ಕುವ ಮೊದಲ ಕೆಲವು ದಿನ ಬಟ್ಟೆ ಸಾಕು. ಹುದುಗುವುದು ನಿಂತು, ಸೋಸಿಟ್ಟ ಮೇಲೆ ಗಾಳಿಯೇ ಶತ್ರು. ಗಾಳಿ ಸಿಕ್ಕರೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡಿಬಿಡುತ್ತದೆ. ಹೋದ ವರ್ಷ ನಮ್ಮ ಮನೆಯ ಅರ್ಧ ತುಂಬಿದ ಭರಣಿ ತೆರೆದಾಗ ಮೂಗಿಗೆ ಹೊಡೆದದ್ದು ಅದೇ ವಾಸನೆ. ಮೇಲೆ ತೆಳ್ಳಗೆ ಬಿಳಿ ಪೊರೆ. ತುಂಬಾ ಬೇಸರವಾಯಿತು.

ಹಾಗಾಗಿ ಕತ್ತಿನ ತನಕ ತುಂಬುವಂಥ ಗಾಜಿನ ಬಾಟಲಿ ಆರಿಸಿ, ಏರ್‌ಲಾಕ್ ಹಾಕಿ (ಒಳಗಿನ ಅನಿಲ ಹೊರಬಿಟ್ಟು, ಹೊರಗಿನ ಗಾಳಿ ತಡೆಯುವ, ನೀರು ತುಂಬಿದ ಪುಟ್ಟ ನಳಿಕೆ). ನಮ್ಮ ಸೆಕೆಗೆ ಅದರ ನೀರು ಆರುತ್ತದೆ, ವಾರಕ್ಕೊಮ್ಮೆ ನೋಡಿ. ಗುಳ್ಳೆ ಏಳುತ್ತಿರುವಾಗಲೇ ಬಿಗಿಯಾಗಿ ಬಿರಡೆ ಹಾಕಬೇಡಿ. ಒಳಗಿನ ಅನಿಲಕ್ಕೆ ಬಾಟಲಿಯೇ ಒಡೆಯಬಹುದು.